ಊರು ಬಿಟ್ಟು ಹೋದ ತಂಡ

2025ರ ಅಕ್ಟೋಬರಿನ ಒಂದು ಸಂಜೆ. ವರಾಂಡದಲ್ಲಿ ಕುಳಿತು ಚಹ ಕುಡಿಯುತ್ತಿದ್ದೆ. ಹದಿನಾರು ವರ್ಷದ ಮೊಮ್ಮಗ ಒಳಗಿನಿಂದ ಬಂದು ಎದುರಿಗೆ ನಿಂತ. ಮುಖ ಸಪ್ಪಗಿತ್ತು.

“ಮುತ್ಯಾ, ನಮ್ಮ ಟೀಮ್ ಹೋಯ್ತು.”

“ಮತ್ತ ಸೋತ್ರೇನು?” ಎಂದೆ. ಸೋಲು ನಮಗೇನೂ ಹೊಸದಾಗಿರಲಿಲ್ಲ.

“ಸೋತಿಲ್ಲ. ದಿಲ್ಲಿಗಿ ಹೋಯ್ತು. ಹೆಸರು ಭೀ ಬದಲ್ ಮಾಡ್ಯಾರ. ಇನ್ನ ಮ್ಯಾಲ ಸ್ಪೋರ್ಟಿಂಗ್ ಕ್ಲಬ್ ಡೆಲ್ಲಿ ಅಂತ.”

ನಾನು ಸುಮ್ಮನಾದೆ. ಚಹ ಆರಿಹೋಯಿತು. ಮನೆಯಾಕೆ ಒಳಗಿನಿಂದಲೇ, “ಅಜ್ಜ ಮೊಮ್ಮಗ ಇಬ್ಬರೂ ಯಾರೋ ತೀರಿಕೊಂಡವರ ಹಾಂಗ ಕುಂತೀರಲ್ಲ, ಏನಾತು?” ಎಂದು ಕೇಳಿದಳು. ಏನೆಂದು ಹೇಳುವುದು? ಹೈದರಾಬಾದ್ ಎಫ್.ಸಿ. ಎಂಬ ಫುಟ್‌ಬಾಲ್ ತಂಡ ಊರು ಬಿಟ್ಟಿತು ಎಂದರೆ, ಒಂದು ಚೆಂಡಿಗೋಸ್ಕರ ಇಷ್ಟು ದುಃಖವೇ ಎಂದು ಅವಳು ನಕ್ಕಾಳು. ನೀವೂ ನಗಬಹುದು. ನಗುವ ಮೊದಲು ನನ್ನ ನಾಲ್ಕು ಮಾತು ಕೇಳಬೇಕೆಂದು ವಿನಂತಿ.

ನಮ್ಮ ಮನೆಗೆ ಫುಟ್‌ಬಾಲಿನ ಹುಚ್ಚು ತಂದವರು ನಮ್ಮ ತಂದೆ. ಗುಲಬರ್ಗಾ ಜಿಲ್ಲೆಯ ಒಂದು ಹಳ್ಳಿಯಿಂದ ನಿಜಾಮರ ಕಾಲದಲ್ಲಿ ಗುಮಾಸ್ತೆಗೆಲಸಕ್ಕೆಂದು ಈ ಊರಿಗೆ ಬಂದವರು. ಆಗ ಗುಲಬರ್ಗಾವೂ ಹೈದರಾಬಾದೂ ಒಂದೇ ಸಂಸ್ಥಾನ. ಜಿಲ್ಲೆಯಿಂದ ರಾಜಧಾನಿಗೆ ಬಂದವರೇ ಹೊರತು ಪರದೇಶಕ್ಕೆ ಬಂದವರಲ್ಲ. 1956ರ ನವೆಂಬರ್ 1ರಂದು ಗುಲಬರ್ಗಾ, ಬೀದರ, ರಾಯಚೂರುಗಳು ಮೈಸೂರು ರಾಜ್ಯಕ್ಕೆ ಸೇರಿದವು. ನಾವು ಕಾಚಿಗುಡದ ಬಾಡಿಗೆ ಮನೆಯಲ್ಲಿ ಕುಳಿತಲ್ಲಿಯೇ ಕುಳಿತಿದ್ದೆವು. ಗಡಿ ಸರಿದು ನಾವು ಹೊರನಾಡ ಕನ್ನಡಿಗರಾದೆವು. ಕನ್ನಡನಾಡು ಒಂದಾಯಿತೆಂದು ತಂದೆಗೆ ಸಂತೋಷವೇ. ಆದರೂ, “ಈಗ ನಮ್ಮ ಊರು ಯಾವುದಪಾ?” ಎಂದು ಅವರು ಕೇಳುತ್ತಿದ್ದುದುಂಟು. ಆ ಪ್ರಶ್ನೆಗೆ ಅವರೇ ಕಂಡುಕೊಂಡಿದ್ದ ಉತ್ತರ ಫತೇ ಮೈದಾನ. ಅಲ್ಲಿ ಹೈದರಾಬಾದ್ ಪೊಲೀಸ್ ತಂಡಕ್ಕಾಗಿ ಕೂಗುವವನನ್ನು ನಿನ್ನ ಭಾಷೆ ಯಾವುದು ಎಂದು ಯಾರೂ ಕೇಳುತ್ತಿರಲಿಲ್ಲ.

ಆ ತಂಡ ಸಾಮಾನ್ಯವೇ? 1950ರಿಂದ 1954ರ ವರೆಗೆ ಸತತವಾಗಿ ಐದು ವರ್ಷ ಬೊಂಬಾಯಿಯ ರೋವರ್ಸ್ ಕಪ್ ಗೆದ್ದ ತಂಡ. 1950ರಲ್ಲಿ ಡ್ಯುರಾಂಡ್ ಕಪ್ಪನ್ನೂ ತಂದಿತು. ಅದನ್ನು ಕಟ್ಟಿದವರು ಸೈಯದ್ ಅಬ್ದುಲ್ ರಹೀಂ. ವೃತ್ತಿಯಿಂದ ಶಾಲಾಮಾಸ್ತರರು, ನಮ್ಮ ಕಾಚಿಗುಡದ ಮಿಡ್ಲ್ ಸ್ಕೂಲಿನಲ್ಲಿಯೂ ಪಾಠ ಹೇಳಿದವರು. ಬಲಗಾಲಿನ ಹುಡುಗ ಎಡಗಾಲಿನಲ್ಲೂ ಒದೆಯಲು ಕಲಿಯಲೆಂದು, ದುರ್ಬಲವಾದ ಕಾಲಿನಲ್ಲಷ್ಟೇ ಆಡಬೇಕಾದ ಪಂದ್ಯಗಳನ್ನು ಏರ್ಪಡಿಸುತ್ತಿದ್ದ ಮನುಷ್ಯ. ಅವರ ತರಬೇತಿಯಲ್ಲಿ ಭಾರತ 1951ರ ದಿಲ್ಲಿ ಏಷ್ಯನ್ ಕ್ರೀಡೆಯಲ್ಲೂ 1962ರ ಜಕಾರ್ತಾದಲ್ಲೂ ಚಿನ್ನ ಗೆದ್ದಿತು. 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನಕ್ಕೆ ಬಂದಿತು. ಮೆಲ್ಬರ್ನಿಗೆ ಹೋದ ತಂಡದಲ್ಲಿ ಮೈಸೂರಿನ ಕೆಂಪಯ್ಯನೂ ಇದ್ದ ಎಂದು ತಂದೆ ಎರಡು ಪಟ್ಟು ಹಿಗ್ಗುತ್ತಿದ್ದರು. ಈಗಿನ ಹುಡುಗರು ರಹೀಂ ಸಾಹೇಬರನ್ನು 2024ರಲ್ಲಿ ಬಂದ ‘ಮೈದಾನ್’ ಹಿಂದಿ ಚಿತ್ರದಿಂದ ಬಲ್ಲರು. ಅವರು ತೀರಿಕೊಂಡದ್ದು 1963ರ ಜೂನಿನಲ್ಲಿ. ಆಗ ನಾನು ಹನ್ನೊಂದು ವರ್ಷದವನು. ತಂದೆ ಆ ದಿನ ಕಚೇರಿಯಿಂದ ಬೇಗ ಬಂದು, ಊಟ ಬೇಡವೆಂದು ಮಲಗಿದರು.

ಮುಂದೆ ಆ ವೈಭವ ಎಲ್ಲಿ ಹೋಯಿತು? ಒಂದೇ ದಿನ ಹೋಗಲಿಲ್ಲ, ಆದ್ದರಿಂದ ಯಾರೂ ಅಳಲೂ ಇಲ್ಲ. ಬಲರಾಮ್, ನಯೀಮುದ್ದೀನ್, ಹಬೀಬ್ ಮೊದಲಾದ ನಮ್ಮ ಹುಡುಗರು ಒಬ್ಬೊಬ್ಬರಾಗಿ ಕಲಕತ್ತೆಯ ದೊಡ್ಡ ಕ್ಲಬ್ಬುಗಳಿಗೆ ಹೋದರು. ಆಟಗಾರರಿಗೆ ನೌಕರಿ ಕೊಟ್ಟು ಸಾಕುತ್ತಿದ್ದ ಇಲಾಖೆಗಳೂ ಕಾರ್ಖಾನೆಗಳೂ ಕೈ ಹಿಂದೆಗೆದವು. ಬೆಂಗಳೂರಿನಲ್ಲೂ ಇದೇ ಕಥೆಯಲ್ಲವೇ? 1937 ಮತ್ತು 1938ರಲ್ಲಿ ರೋವರ್ಸ್ ಕಪ್ ಗೆದ್ದ ಬೆಂಗಳೂರು ಮುಸ್ಲಿಮ್ಸ್ ತಂಡದ ಹೆಸರು ಇಂದು ಎಷ್ಟು ಮಂದಿಗೆ ಗೊತ್ತು? 1968-69ರಲ್ಲಿ ಸಂತೋಷ್ ಟ್ರೋಫಿ ಗೆದ್ದ ನಮ್ಮ ನಾಡು ಮತ್ತೆ ಅದನ್ನು ಎತ್ತಿ ಹಿಡಿದದ್ದು 2023ರ ಮಾರ್ಚಿನಲ್ಲಿ, ರಿಯಾಧಿನಲ್ಲಿ, ಮೇಘಾಲಯವನ್ನು ಸೋಲಿಸಿ. ನಡುವೆ ಐವತ್ತನಾಲ್ಕು ವರ್ಷ.

ಹೀಗಿರುವಾಗ 2019ರಲ್ಲಿ ಇಂಡಿಯನ್ ಸೂಪರ್ ಲೀಗಿಗೆ ಹೈದರಾಬಾದಿನ ತಂಡ ಬರುತ್ತದೆ ಎಂಬ ಸುದ್ದಿ ಬಂತು. ವಿಜಯ್ ಮದ್ದೂರಿ, ವರುಣ್ ತ್ರಿಪುರನೇನಿ ಎಂಬ ಉದ್ಯಮಿಗಳು ತಂದ ತಂಡ. ಹಳದಿ-ಕಪ್ಪು ಅಂಗಿ, ಗಚ್ಚಿಬೌಲಿಯ ಬಾಲಯೋಗಿ ಕ್ರೀಡಾಂಗಣ ಅದರ ಮನೆ. ನಾನು ಮೊಮ್ಮಗನನ್ನು ಎತ್ತಿಕೊಂಡು ಕುಣಿಯುವುದೊಂದು ಬಾಕಿ.

ಆ ವಾರವೇ ಪುಣೆಯಲ್ಲಿರುವ ನನ್ನ ಹಳೆಯ ಸ್ನೇಹಿತ ಫೋನು ಮಾಡಿದ. ಧಾರವಾಡದ ಕಡೆಯವನು, ನಲವತ್ತು ವರ್ಷದಿಂದ ಪುಣೆವಾಸಿ. ನಾನು ಹಿಗ್ಗಿನಿಂದ ಹೇಳಿದೆ. ಅವನು ತುಸು ಹೊತ್ತು ಸುಮ್ಮನಿದ್ದು, “ಅದು ಎಲ್ಲಿಂದ ಬಂತು ಗೊತ್ತೇನೋ? ಅದು ನಮ್ಮ ಜಾಗಾ. ಇಲ್ಲೆ ರೊಕ್ಕ ತೀರಿತು, ಪುಣೆ ಸಿಟಿ ತಂಡ ಮುಚ್ಚಿತು. ನನ್ನ ಮೊಮ್ಮಗಳು ಎರಡು ದಿನಾ ಅತ್ತಾಳ” ಎಂದ. 2014ರಿಂದ ಲೀಗಿನಲ್ಲಿ ಆಡುತ್ತಿದ್ದ ಎಫ್.ಸಿ. ಪುಣೆ ಸಿಟಿ ಹಣಕಾಸಿನ ತೊಂದರೆಯಿಂದ ಮುಚ್ಚಿ, ಅದರ ಸ್ಥಾನ ನಮಗೆ ಬಂದಿತ್ತು. ನಾನು, “ಛೇ ಪಾಪ” ಎಂದೆ. ಎಂದದ್ದು ನಾಲಿಗೆ, ಮನಸ್ಸಲ್ಲ. ಮನಸ್ಸು ಗಚ್ಚಿಬೌಲಿಯ ಟಿಕೆಟಿನ ಲೆಕ್ಕ ಹಾಕುತ್ತಿತ್ತು. ಈ ಮಾತನ್ನು ಇಲ್ಲಿ ಒಪ್ಪಿಕೊಳ್ಳದೆ ಮುಂದೆ ಹೋಗಲಾರೆ.

ಮೊದಲ ವರ್ಷ ತಂಡ ಕಟ್ಟಕಡೆಯ ಸ್ಥಾನಕ್ಕೆ ಬಂತು. ಆಮೇಲೆ ಕೊರೋನಾ ಬಂದು ಎರಡು ವರ್ಷ ಪಂದ್ಯಗಳೆಲ್ಲ ಗೋವಾದಲ್ಲಿ. ಸ್ಪೇನಿನ ಮನೋಲೋ ಮಾರ್ಕೆಸ್ ತರಬೇತುದಾರನಾಗಿ ಬಂದ ಮೇಲೆ ತಂಡದ ನಡಿಗೆಯೇ ಬದಲಾಯಿತು. 2022ರ ಮಾರ್ಚ್ 20ರ ರಾತ್ರಿ ಗೋವಾದ ಫಾತೋರ್ಡಾದಲ್ಲಿ ಫೈನಲ್. ಎದುರಾಳಿ ಕೇರಳ ಬ್ಲಾಸ್ಟರ್ಸ್. ಒಂದು ಗೋಲಿನಿಂದ ಹಿಂದೆ ಬಿದ್ದಿದ್ದೆವು; ಇನ್ನೇನು ಮುಗಿಯಿತು ಎನ್ನುವಾಗ, 88ನೆಯ ನಿಮಿಷದಲ್ಲಿ ಸಾಹಿಲ್ ತಾವೋರಾ ದೂರದಿಂದ ಒದ್ದ ಚೆಂಡು ಬಲೆಗೆ ಬಿತ್ತು. ಪೆನಾಲ್ಟಿಯಲ್ಲಿ 3-1ರಿಂದ ಗೆದ್ದೆವು. ಕೇರಳದ ಮೂವರ ಒದೆತ ತಡೆದ ಗೋಲಿಯ ಹೆಸರು ಲಕ್ಷ್ಮೀಕಾಂತ ಕಟ್ಟಿಮನಿ. ಹುಡುಗ ಗೋವಾದವನು. ಆದರೆ ಆ ಹೆಸರು ಕೇಳಿದ್ದೇ ತಡ, ಫುಟ್‌ಬಾಲೆಂದರೆ ಮೂಗು ಮುರಿಯುತ್ತಿದ್ದ ನಮ್ಮಾಕೆ ಅಡಿಗೆಮನೆಯಿಂದ ಸೌಟು ಹಿಡಿದೇ ಹೊರಬಂದು, “ಕಟ್ಟಿಮನಿ ಅಂದರ ನಮ್ಮ ಕಡಿಯವರಲ್ಲೇನ್ರೀ!” ಎಂದು ಟಿ.ವಿ.ಯ ಮುಂದೆ ಕುಳಿತುಬಿಟ್ಟಳು. ಆ ರಾತ್ರಿ ನಮ್ಮ ಮನೆಯಲ್ಲಿ ಅನ್ನ ಸೀದುಹೋಯಿತು. ಯಾರೂ ಬೈಯಲಿಲ್ಲ.

ಮುಂದಿನ ಸೀಸನ್ನಿನಲ್ಲಿ ತಂಡ ಮನೆಗೆ ಬಂತು. ಮೊಮ್ಮಗನೂ ನಾನೂ ಮೆಟ್ರೋದಲ್ಲಿ ರಾಯದುರ್ಗಂ ಸ್ಟೇಷನ್ನಿಗೆ ಹೋಗಿ, ಅಲ್ಲಿಂದ ಆಟೋ ಹಿಡಿಯುತ್ತಿದ್ದೆವು. ‘ಡೆಕ್ಕನ್ ಲೀಜನ್’ ಎಂಬ ಅಭಿಮಾನಿಗಳ ಗುಂಪು ಡೋಲು ಬಾರಿಸುತ್ತ ಕೂಗುತ್ತಿತ್ತು. ತೆಲುಗು, ಉರ್ದು, ಇಂಗ್ಲಿಷು, ನಮ್ಮ ಕಡೆಯಿಂದ ಒಂದಿಷ್ಟು ಕನ್ನಡ. ಎಪ್ಪತ್ತು ವರ್ಷ ಈ ಊರಿನಲ್ಲಿ ಬಾಳಿದವನು ನಾನು. ಇಲ್ಲಿಯ ಚುನಾವಣೆಗಳಲ್ಲಿ ಮತ ಹಾಕಿದ್ದೇನೆ, ತೆರಿಗೆ ಕಟ್ಟಿದ್ದೇನೆ. ಆದರೆ ‘ನಮ್ಮ ಹೈದರಾಬಾದ್’ ಎಂದು ಗಂಟಲು ಹರಿಯುವಂತೆ ಕೂಗಿದ್ದು ತಂದೆಯ ಜೊತೆ ಫತೇ ಮೈದಾನದಲ್ಲಿ, ಬಿಟ್ಟರೆ ಈಗ ಗಚ್ಚಿಬೌಲಿಯಲ್ಲಿ. ಆ ವರ್ಷ ಲೀಗಿನಲ್ಲಿ ಎರಡನೆಯ ಸ್ಥಾನ.

ಆಮೇಲೆ 2023-24 ಬಂತು. ಆಟಗಾರರಿಗೂ ಸಿಬ್ಬಂದಿಗೂ ಸಂಬಳ ಸಿಕ್ಕಿಲ್ಲ ಎಂಬ ಸುದ್ದಿ ಪತ್ರಿಕೆಗಳಲ್ಲಿ ಬರತೊಡಗಿತು. ಬಾಕಿ ತೀರಿಸದ ಕಾರಣ ಹೊಸ ಆಟಗಾರರನ್ನು ಸೇರಿಸಿಕೊಳ್ಳಕೂಡದೆಂದು ಫೀಫಾ ನಿರ್ಬಂಧ ಹಾಕಿತು. ವಿದೇಶಿ ಆಟಗಾರರು ಹೊರಟರು, ಹೆಸರುವಾಸಿ ಭಾರತೀಯರೂ ಹೊರಟರು. ಉಳಿದವರು ಎಳೆಯ ಹುಡುಗರು. 22 ಪಂದ್ಯಗಳಲ್ಲಿ ಗೆದ್ದದ್ದು ಒಂದು, ಸಮ ಮಾಡಿಕೊಂಡದ್ದು ಐದು, ಸೋತದ್ದು ಹದಿನಾರು. ಎರಡು ವರ್ಷದ ಹಿಂದೆ ಕಪ್ ಎತ್ತಿದ ತಂಡ ಎಂಟು ಅಂಕ ಪಡೆದು ಪಟ್ಟಿಯ ಬುಡದಲ್ಲಿ ಕುಳಿತಿತು.

ಇಲ್ಲಿ ನನ್ನ ಸ್ವಂತದ ಒಂದು ಮಾತು ಹೇಳಬೇಕು. ನಾನು ಇದೇ ಊರಿನ ಒಂದು ಖಾಸಗಿ ಕಾರ್ಖಾನೆಯಲ್ಲಿ ಲೆಕ್ಕ ಬರೆಯುವವನಾಗಿದ್ದೆ. ಹೆಸರು ಬೇಡ, ಅದು ಈಗ ಇಲ್ಲ. ಕೊನೆಯ ಏಳು ತಿಂಗಳು ಪಗಾರ ಬರಲಿಲ್ಲ. ತಮಾಷೆಯೆಂದರೆ, ಪ್ರತಿ ತಿಂಗಳೂ ಪಗಾರದ ಪುಸ್ತಕ ಬರೆಯುತ್ತಿದ್ದವನು ನಾನೇ. ಎಲ್ಲರ ಹೆಸರಿನ ಮುಂದೆ ಮೊತ್ತ ಬರೆದು, ಕೂಡಿಸಿ, ‘ಕೊಡತಕ್ಕದ್ದು’ ಎಂಬ ಖಾತೆಗೆ ಹಾಕುವುದು. ಆ ಪಟ್ಟಿಯಲ್ಲಿ ನನ್ನ ಹೆಸರೂ ಇರುತ್ತಿತ್ತು. ಮಾಲೀಕರು ಬದಲಾದರು. ಹೊಸಬರಿಗೆ ಬೇಕಾಗಿದ್ದುದು ಜಾಗ. ಯಂತ್ರಗಳು ಲಾರಿ ಹತ್ತಿ ಬೇರೆ ಊರಿಗೆ ಹೋದವು. ಹೆಂಡತಿಯ ಪಾಟಲಿಗಳು ಅಡವು ಹೋದದ್ದು ಆಗಲೇ. ನನಗೆ ಇವತ್ತಿಗೂ ನೆನಪಿರುವುದು ಹಣದ ಕಷ್ಟವಲ್ಲ. ಪಗಾರವಿಲ್ಲದಿದ್ದರೂ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಬಂದು ಯಂತ್ರ ಒರೆಸಿ ಎಣ್ಣೆ ಹಾಕುತ್ತಿದ್ದ ಮುದುಕ ಫಿಟ್ಟರನ ಮುಖ. “ಯಾತಕ್ಕಪ್ಪಾ?” ಎಂದು ಕೇಳಿದರೆ, “ಮಿಷನಿನ ತಪ್ಪೇನದ ಸಾಹೇಬ್ರೇ?” ಎನ್ನುತ್ತಿದ್ದ.

ಆ ಸೀಸನ್ನಿನಲ್ಲಿ ಗಚ್ಚಿಬೌಲಿಯ ಖಾಲಿ ಕುರ್ಚಿಗಳ ನಡುವೆ ಕುಳಿತು ಆ ಹುಡುಗರು ಸೋಲುವುದನ್ನು ನೋಡುವಾಗ ನನಗೆ ಆ ಫಿಟ್ಟರನೇ ಕಾಣುತ್ತಿದ್ದ. ಸುತ್ತಲಿನವರು, “ದಂಡಿಗ್ಗಾಲ ಟೀಮು, ನೋಡಬ್ಯಾಡ್ರಿ” ಎಂದು ಎದ್ದು ಹೋದರು. ನಾವಿಬ್ಬರು ಕೊನೆಯ ಸೀಟಿಯ ವರೆಗೂ ಕೂಡುತ್ತಿದ್ದೆವು.

ಮಾಲೀಕರನ್ನು ಬೈದು ಮುಗಿಸುವುದು ಸುಲಭ. ಆದರೆ ಲೆಕ್ಕ ಬರೆದವನಾದ್ದರಿಂದ ಎರಡು ಬದಿಯನ್ನೂ ನೋಡುವ ಚಟ ನನಗೆ. ಕ್ಲಬ್ಬಿನ ಜಮಾ ಬದಿಯಲ್ಲಿ ಏನಿದೆ? ಟಿಕೆಟಿನ ಹಣ, ಜಾಹೀರಾತುದಾರರು ಕೊಡುವುದು, ಲೀಗಿನಿಂದ ಬರುವ ಪಾಲು. ಖರ್ಚಿನ ಬದಿಯಲ್ಲಿ ಆಟಗಾರರು, ತರಬೇತುದಾರರು, ವಿಮಾನ, ಹೋಟೆಲು, ಮೈದಾನದ ಬಾಡಿಗೆ, ಅದರ ಮೇಲೆ ಲೀಗಿಗೆ ಕಟ್ಟುತ್ತಿದ್ದ ಕೋಟಿಗಟ್ಟಲೆ ಶುಲ್ಕ. ಎರಡೂ ತಾಳೆಯಾಗುವುದಿಲ್ಲ, ಕೊರತೆಯನ್ನು ಮಾಲೀಕರು ಕೈಯಿಂದ ತುಂಬಬೇಕು. ತುಂಬುವ ಕೈ ಸೋತ ದಿನ ಇಡೀ ಮನೆ ಕುಸಿಯುತ್ತದೆ. ನಮ್ಮೊಬ್ಬರ ಪಾಡೂ ಅಲ್ಲ ಇದು. ಒಕ್ಕೂಟಕ್ಕೂ ಲೀಗ್ ನಡೆಸುತ್ತಿದ್ದ ಕಂಪನಿಗೂ 2010ರಲ್ಲಿ ಆಗಿದ್ದ ಹದಿನೈದು ವರ್ಷದ ಒಪ್ಪಂದದ ಅವಧಿ ಮುಗಿಯುತ್ತ ಬಂದು, ಮುಂದೇನೆಂಬುದು ಇತ್ಯರ್ಥವಾಗದೆ 2025ರಲ್ಲಿ ಲೀಗೇ ನಿಂತು ಕೂತಾಗ, ಎಲ್ಲರಿಗಿಂತ ಶಿಸ್ತಿನ ಕ್ಲಬ್ಬೆಂದು ನಾವು ಹೆಮ್ಮೆಪಡುತ್ತಿದ್ದ ಬೆಂಗಳೂರು ಎಫ್.ಸಿ.ಯೂ ಆಗಸ್ಟಿನಲ್ಲಿ ಮೊದಲ ತಂಡದ ಸಂಬಳ ತಡೆಹಿಡಿಯಿತು.

ನಮ್ಮ ತಂಡವನ್ನು 2024ರಲ್ಲಿ ಬಿ.ಸಿ. ಜಿಂದಾಲ್ ಸಮೂಹ ಕೊಂಡುಕೊಂಡಿತು. ಉಳಿಯಿತಲ್ಲ ಎಂದು ದೇವರಿಗೆ ಕೈ ಮುಗಿದೆವು. ಒಂದು ಸೀಸನ್ ಆಡಿತು, ಹದಿಮೂರರಲ್ಲಿ ಹನ್ನೆರಡನೆಯದಾಯಿತು, ಮಾರನೆಯ ವರ್ಷ ದಿಲ್ಲಿಗೆ ಹೋಯಿತು. ಕೊಂಡವರಿಗೆ ತಮ್ಮ ಸೊತ್ತನ್ನು ಎಲ್ಲಿಡಬೇಕೆಂಬ ಹಕ್ಕು ಇಲ್ಲವೇ? ಕಾಗದದ ಪ್ರಕಾರ ಇದೆ. ನನ್ನ ಗೋಳು ಇರುವುದು ಆ ಕಾಗದದಲ್ಲಿಯೇ. ಹೆಸರು ಊರಿನದು, ಕೂಗು ಊರಿನವರದು, ಹುಡುಗನ ಕಪಾಟಿನಲ್ಲಿ ತೂಗುವ ಅಂಗಿ ನಮ್ಮ ದುಡ್ಡಿನದು. ಕಾಗದದಲ್ಲಿ ಮಾತ್ರ ಇದಾವುದಕ್ಕೂ ಒಂದು ಸಾಲಿನ ಜಾಗವಿಲ್ಲ. ನಾವು ಕಳಕೊಂಡೆವು ಎನ್ನುವುದಕ್ಕೂ ಆಧಾರವಿಲ್ಲ. ಅದು ಎಂದೂ ನಮ್ಮದಾಗಿರಲಿಲ್ಲ.

ಬೇರೆ ಕಡೆ ಹೀಗೆಯೇ ಇದೆಯೇ ಎಂದು ಮೊಮ್ಮಗನನ್ನು ಕೇಳಿದೆ. ಈ ವಿಷಯದಲ್ಲಿ ಅವನು ನನ್ನ ಗುರು. ಜರ್ಮನಿಯಲ್ಲಿ ಒಂದು ನಿಯಮವಿದೆಯಂತೆ: ಕೆಲವು ಕ್ಲಬ್ಬುಗಳನ್ನು ಬಿಟ್ಟರೆ, ಹಣ ಯಾರೇ ಹಾಕಲಿ, ಅರ್ಧಕ್ಕಿಂತ ಒಂದು ಹೆಚ್ಚು ಮತ ಸದಸ್ಯರ ಕೈಯಲ್ಲೇ ಇರಬೇಕು. ಲಂಡನ್ನಿನ ವಿಂಬಲ್ಡನ್ ಕ್ಲಬ್ಬನ್ನು ದೂರದ ಮಿಲ್ಟನ್ ಕೀನ್ಸ್ ಎಂಬ ಊರಿಗೆ ಒಯ್ಯಲು 2002ರಲ್ಲಿ ಅನುಮತಿ ಸಿಕ್ಕಿತು. ಅಲ್ಲಿಯ ಅಭಿಮಾನಿಗಳು ಅತ್ತು ಸುಮ್ಮನಾಗಲಿಲ್ಲ. ಅದೇ ಬೇಸಿಗೆಯಲ್ಲಿ ಸಾರ್ವಜನಿಕ ಬಯಲಿನಲ್ಲಿ ಹುಡುಗರನ್ನು ಆಡಿಸಿ, ಆರಿಸಿ, ತಾವೇ ಒಡೆಯರಾದ ಎ.ಎಫ್.ಸಿ. ವಿಂಬಲ್ಡನ್ ಕಟ್ಟಿದರು. ಕೆಳಗಿನ ಮೆಟ್ಟಿಲುಗಳಿಂದ ಶುರುಮಾಡಿ ಒಂಬತ್ತೇ ವರ್ಷದಲ್ಲಿ, 2011ರಲ್ಲಿ, ದೊಡ್ಡ ಲೀಗಿನ ಪಂಕ್ತಿಗೆ ಬಂದರು. 2020ರಲ್ಲಿ ತಮ್ಮ ಹಳೆಯ ಬೀದಿಯಲ್ಲೇ ಹೊಸ ಮೈದಾನಕ್ಕೆ ಮರಳಿದರು.

ಇದನ್ನು ಕೇಳಿದಾಗ ನನಗೆ ನೆನಪಾದದ್ದು ನಮ್ಮ ಸಂಘ. ನಗಬೇಡಿ. ನಮ್ಮ ವಾರ್ಷಿಕ ಸಭೆಯಲ್ಲಿ ಕಾರ್ಯದರ್ಶಿ ಲೆಕ್ಕ ಓದುವಾಗ ಅರ್ಧ ಜನ ತೂಕಡಿಸುತ್ತಾರೆ, ಉಳಿದರ್ಧ ಉಪ್ಪಿಟ್ಟಿನ ವಾಸನೆಯ ಕಡೆ ಮೂಗು ತಿರುಗಿಸುತ್ತಾರೆ. ನಾಟಕದ ಪರದೆಗೆ ಇಷ್ಟೇಕೆ ಖರ್ಚಾಯಿತು ಎಂದು ಪ್ರತಿ ವರ್ಷ ಒಬ್ಬರು ಎದ್ದು ಜಗಳ ತೆಗೆಯುತ್ತಾರೆ. ಬೇಸರದ ಕೆಲಸವೇ ಸರಿ. ಆದರೆ ಆ ಬೇಸರದಿಂದಲೇ ಸಂಘ ಇಷ್ಟು ವರ್ಷ ಇಲ್ಲೇ ನಿಂತಿದೆ. ಇದನ್ನು ಯಾರೂ ಕೊಂಡು ಲಾರಿ ಹತ್ತಿಸುವಂತಿಲ್ಲ. ವರ್ಗಣಿ ಕೊಟ್ಟು ರಸೀದಿ ಪಡೆದವನು ಎದ್ದು ನಿಂತು ಲೆಕ್ಕ ಕೇಳಬಹುದು. ಗಚ್ಚಿಬೌಲಿಯಲ್ಲಿ ನಾವು ಚಪ್ಪಾಳೆ ಕೊಟ್ಟೆವು, ಕಂಠ ಕೊಟ್ಟೆವು. ಎದ್ದು ಕೇಳುವ ಜಾಗ ಮಾತ್ರ ಇರಲಿಲ್ಲ.

ಮರುದಿನ ಪುಣೆಯ ಸ್ನೇಹಿತನಿಗೆ ಫೋನು ಮಾಡಿದೆ. “ನಿನ್ನ ಮೊಮ್ಮಗಳಿಗೆ ಹೇಳಪಾ, ಆರು ವರ್ಷ ತಡ ಆತು, ಖರೇ. ಈ ಮುದುಕ ಈಗ ಕ್ಷಮಾ ಕೇಳ್ತಾನ ಅಂತ” ಎಂದೆ. ಅವನು ನಕ್ಕ. “ಅಕಿಗಿ ಈಗ ನೆನಪೂ ಇಲ್ಲ, ಬಿಡು. ಆದರ ದಿಲ್ಲಿಯೊಳಗ ಇವತ್ತು ಯಾರ ಮನಿಯೊಳಗೋ ಒಬ್ಬ ಅಜ್ಜ ಕುಣೀತಿರಬೇಕು” ಎಂದ. ಆ ಅಜ್ಜನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೂ ಅವನ ಮೊಮ್ಮಗನಿಗೂ ಒಳ್ಳೆಯದಾಗಲಿ. ನನಗೆ ಅಂದು ಬಾರದಿದ್ದ ಪ್ರಶ್ನೆ ಅವನಿಗೆ ಇಂದೇ ಬರಲಿ ಎಂದಷ್ಟೇ ಆಸೆ: ಇದು ಯಾರ ಮನೆಯಿಂದ ಎದ್ದು ಬಂತು, ನಾಳೆ ಎಲ್ಲಿಗೆ ಹೋದೀತು?

ಈಗ ನಮ್ಮ ಬಡಾವಣೆಯ ಬಯಲಿನಲ್ಲಿ ಭಾನುವಾರ ಬೆಳಿಗ್ಗೆ ಹದಿನಾಲ್ಕು ಹುಡುಗರು, ಮೂವರು ಹುಡುಗಿಯರು ಆಡುತ್ತಾರೆ. ನಮ್ಮ ಸಂಘದ ಮನೆಗಳ ಮಕ್ಕಳು ಐವರು. ಉಳಿದವರು ತೆಲುಗರು, ಮುಸಲ್ಮಾನರು, ಒಬ್ಬ ಮಾರವಾಡಿ. ತಿಂಗಳಿಗೆ ಐವತ್ತು ರೂಪಾಯಿ ವರ್ಗಣಿ. ಖಜಾಂಚಿ ಯಾರೆಂದು ಕೇಳಬೇಕಾಗಿಲ್ಲ. ಮೊದಲ ತಿಂಗಳ ಜಮಾ 850, ಚೆಂಡಿಗೂ ಗಾಳಿಪಂಪಿಗೂ ಖರ್ಚು 790, ಕೈಯಲ್ಲಿ ಉಳಿದದ್ದು 60. ಲೆಕ್ಕವನ್ನು ಮೈದಾನದಲ್ಲೇ ನಿಂತು ಓದಿದೆ. ಪಂಪಿಗೆ ಇಷ್ಟೇಕೆ ಎಂದು ಒಬ್ಬ ಹುಡುಗ ಜಗಳ ತೆಗೆದ. ನನಗೆ ಬಹಳ ಸಂತೋಷವಾಯಿತು.

ಮೊಮ್ಮಗ ಇನ್ನೂ ಆ ಹಳದಿ ಅಂಗಿಯನ್ನೇ ತೊಟ್ಟು ಆಡುತ್ತಾನೆ. ಎದೆಯ ಮೇಲೆ ಹೈದರಾಬಾದ್ ಎಂದಿದೆ. ಊರಂತೂ ಎಲ್ಲಿಗೂ ಹೋಗಿಲ್ಲವಲ್ಲ.